ಕಮಲಾಪುರದ ಕೆಂಪು ಬಾಳೆಯೂ ವೈದ್ಯರ ಹಿನ್ನೆಲೆಯೂ

ಪಾಸ್ಕ ಹಬ್ಬ ಕಳೆದು ಕೆಲವು ವಾರಗಳಾಗಿದ್ದವು. ಕಲಬುರಗಿಯ ಬಿಸಿಲು ತನ್ನ ಪೂರ್ಣ ಪ್ರತಾಪವನ್ನು ತೋರುತ್ತಿದ್ದ ಮೇ ತಿಂಗಳ ಒಂದು ಭಾನುವಾರ ನಮ್ಮ ಧರ್ಮಕೇಂದ್ರದ ಏಳು ಮಕ್ಕಳು ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದರು. ಬಲಿಪೂಜೆ ಮುಗಿದ ಬಳಿಕ ದೇವಾಲಯದ ಹಿಂದಿರುವ ಬೇವಿನ ಮರದ ನೆರಳಿನಲ್ಲಿ ಅವರಿಗೆಲ್ಲ ತಣ್ಣನೆಯ ಕಪ್ಪುಗಳನ್ನು ಹಂಚುವ ಏರ್ಪಾಡಾಗಿತ್ತು. ಆರು ಮಕ್ಕಳು ಮರದ ಚಮಚ ಹಿಡಿದು ಕುಳಿತರು. ಏಳನೆಯ ಹುಡುಗ ಬರಿಗೈಯಲ್ಲಿ ಕಟ್ಟೆಯ ತುದಿಗೆ ಸರಿದು, ತನ್ನ ಬಿಳಿ ಅಂಗಿಯ ಗುಂಡಿಯನ್ನು ತಿರುವುತ್ತ ನೆಲ ನೋಡುತ್ತಿದ್ದನು.

ಕಾರಣ ಕೇಳಿದೆವು. ಖೂಬಾ ಪ್ಲಾಟಿನಲ್ಲಿ ಬಾಡಿಗೆಗಿರುವ ಕುಟುಂಬ ಅದು. ತಾಯಿ ಸಂಕೋಚದಿಂದ, “ಹಾಲಿನದು ಏನೂ ಕೊಡಬ್ಯಾಡ್ರಿ ಅಂದಾರ್ರಿ ಫಾದರ್, ಎಂಟು ತಿಂಗಳಾತು” ಎಂದರು. ನಾವು ಬಲ್ಲವರಂತೆ ನಕ್ಕೆವು. ಕಪ್ಪನ್ನು ಎತ್ತಿ ತೋರಿಸಿ, “ಇದು ಐಸ್‌ಕ್ರೀಂ ಅಲ್ಲವಮ್ಮ, ಫ್ರೋಜನ್ ಡೆಸರ್ಟ್. ಇದನ್ನು ಗಿಡದ ಎಣ್ಣೆಯಿಂದ ಮಾಡುತ್ತಾರೆ, ಇದರಲ್ಲಿ ಹಾಲಿಲ್ಲ, ಕೊಡಿ” ಎಂದೆವು. ಆ ತಾಯಿ ಕಪ್ಪನ್ನು ತೆಗೆದುಕೊಂಡು ತಿರುಗಿಸಿ, ಅಡಿಯಲ್ಲಿದ್ದ ಇರುವೆಗಾತ್ರದ ಅಕ್ಷರಗಳನ್ನು ಓದಿ ಮರಳಿಸಿದರು. ಹಾಲಿನ ಘನಾಂಶ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಪೀಠದ ಮೇಲಿಂದ ಮಾತನಾಡಿ ಅಭ್ಯಾಸವಾದವರಿಗೆ ಪೀಠವಿಲ್ಲದ ವಿಷಯದಲ್ಲೂ ಅದೇ ಧ್ವನಿ ಹೊರಡುವುದುಂಟು. ನಾವು ಅಂದು ಸುಮ್ಮನಾದೆವು.

ಈ ತಪ್ಪನ್ನು ನಾವೊಬ್ಬರೇ ಮಾಡುತ್ತಿಲ್ಲವಾದ್ದರಿಂದ ಮೊದಲು ಇದನ್ನೇ ಬಿಡಿಸಿ ಹೇಳುತ್ತೇವೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇಕಡ 10ರಷ್ಟು ಹಾಲಿನ ಕೊಬ್ಬು ಇರಬೇಕು. ಆ ಕೊಬ್ಬಿನ ಬದಲಿಗೆ ಪೂರ್ತಿಯಾಗಿಯೋ ಭಾಗಶಃವೋ ಸಸ್ಯದ ಕೊಬ್ಬನ್ನು ಬಳಸಿದರೆ ಆ ತಿನಿಸನ್ನು ಫ್ರೋಜನ್ ಡೆಸರ್ಟ್ ಎಂದು ಕರೆಯಬೇಕು. ಬದಲಾಗುವುದು ಕೊಬ್ಬು ಮಾತ್ರ. ಕೆನೆ ತೆಗೆದ ಹಾಲಿನ ಪುಡಿ, ಅದರೊಡನೆ ಬರುವ ಹಾಲಿನ ಸಕ್ಕರೆ ಮತ್ತು ಪ್ರೋಟೀನು ಸಾಮಾನ್ಯವಾಗಿ ಅದರಲ್ಲಿ ಇದ್ದೇ ಇರುತ್ತವೆ. 2017ರಲ್ಲಿ ಈ ಎರಡು ಬಗೆಗಳ ಜಾಹೀರಾತಿನ ಜಗಳ ಬೊಂಬಾಯಿಯ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಅಲ್ಲಿ ವಾದ ನಡೆದದ್ದೂ ಕೊಬ್ಬಿನ ಕುರಿತೇ. ಆದುದರಿಂದ ಹಾಲು ಒಗ್ಗದ ಮಗುವಿರುವ ಮನೆಯವರು ಹೆಸರನ್ನು ನಂಬಬಾರದು, ಆ ತಾಯಿಯಂತೆ ಕಪ್ಪಿನ ಬೆನ್ನನ್ನು ಓದಬೇಕು.

ಹಾಲು ಬೇಡವೆಂದವರು ಯಾರು? ವಿಚಾರಿಸಿದಾಗ ಸಂಗತಿ ಹೊರಬಂತು. ಹುಡುಗನಿಗೆ ಕಳೆದ ಮಳೆಗಾಲದಲ್ಲಿ ಭೇದಿಯಾಗಿತ್ತು. ಅದು ನಿಂತ ಮೇಲೂ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತಿತ್ತು, ನೋಯುತ್ತಿತ್ತು. ಬೇರೊಂದು ಊರಿನಲ್ಲಿ ನಡೆದ ಶಿಬಿರಕ್ಕೆ ಬಂದಿದ್ದ, ತಮ್ಮನ್ನು ಪ್ರಕೃತಿ ಚಿಕಿತ್ಸಕರೆಂದು ಕರೆದುಕೊಳ್ಳುವ ಒಬ್ಬರು ಹುಡುಗನ ನಾಲಗೆ ನೋಡಿ, ಹಾಲು ಮನುಷ್ಯನಿಗೆ ವಿಷ, ಜೀವಮಾನವಿಡೀ ಮುಟ್ಟಬಾರದು ಎಂದರಂತೆ. ಮೊಸರಿಲ್ಲ, ಮಜ್ಜಿಗೆಯಿಲ್ಲ, ಮೊಟ್ಟೆಯೂ ಇಲ್ಲ. ಬದಲಿಗೆ ತಮ್ಮದೇ ಒಂದು ಪುಡಿಯ ಡಬ್ಬಿಯನ್ನು ಮಾರಿದ್ದರು. ಎಂಟು ತಿಂಗಳಲ್ಲಿ ಹುಡುಗ ತೂಕ ಕಳೆದುಕೊಂಡಿದ್ದನು. ಅಂಗಿಯ ಕೊರಳು ಏಕೆ ಅಷ್ಟು ಸಡಿಲವಾಗಿತ್ತೆಂದು ನಮಗೆ ಆಗ ತಿಳಿಯಿತು.

“ಅವರು ಎಲ್ಲಿ ಕಲಿತವರು?” ಎಂದು ಕೇಳಿದೆವು. ತಂದೆತಾಯಿಗಳು ಪರಸ್ಪರ ಮುಖ ನೋಡಿಕೊಂಡರು. ಮಗಳಿಗೆ ವರ ನೋಡುವಾಗ ನಮ್ಮ ಜನ ಮೂರು ತಲೆಮಾರಿನ ಹಿನ್ನೆಲೆಯನ್ನು ಕೆದಕುತ್ತಾರೆ. ಮಗನ ಹೊಟ್ಟೆಯನ್ನು ಒಪ್ಪಿಸುವಾಗ ಮಾತ್ರ ಬೋರ್ಡು ಸಾಕು.

ಇದನ್ನು ಓದಿ ನಾವು ಪ್ರಕೃತಿ ಚಿಕಿತ್ಸೆಯನ್ನೇ ಹಳಿಯುತ್ತಿದ್ದೇವೆಂದು ಯಾರೂ ಭಾವಿಸಬಾರದು. ಆ ಪದ್ಧತಿಯ ಚರಿತ್ರೆಯಲ್ಲಿ ನಮ್ಮಂಥ ಒಬ್ಬ ಧರ್ಮಕೇಂದ್ರದ ಗುರುವಿಗೇ ದೊಡ್ಡ ಸ್ಥಾನವಿದೆ. ಸೆಬಾಸ್ಟಿಯನ್ ಕ್ನೈಪ್ ಹುಟ್ಟಿದ್ದು 1821ರಲ್ಲಿ, ಜರ್ಮನಿಯ ಬವೇರಿಯ ಪ್ರಾಂತದ ಸ್ಟೆಫನ್ಸ್‌ರೀಡ್ ಎಂಬ ಹಳ್ಳಿಯ ಬಡ ನೇಕಾರನ ಮನೆಯಲ್ಲಿ. ಬಾಲ್ಯವೆಲ್ಲ ನೆಲಮನೆಯ ತೇವದಲ್ಲಿ, ಮಗ್ಗದ ಮುಂದೆ ಕಳೆಯಿತು. ಗುರುವಾಗಬೇಕೆಂಬ ಹಂಬಲದಿಂದ ಕೂಡಿಟ್ಟ ಅಲ್ಪ ಹಣವೂ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ತಡವಾಗಿ ಓದು ಹಿಡಿದು ಮುಂದುವರಿಯುವಷ್ಟರಲ್ಲಿ ಎದೆಯ ರೋಗ ಹತ್ತಿತು. ನೀರಿನ ಚಿಕಿತ್ಸೆಯ ಕುರಿತು ಹಾನ್ ಎಂಬ ಹಳೆಯ ವೈದ್ಯನೊಬ್ಬ ಬರೆದಿದ್ದ ಪುಸ್ತಕ ಅವರ ಕೈಗೆ ಸಿಕ್ಕಿತು. 1849ರ ಚಳಿಗಾಲದಲ್ಲಿ ಅವರು ಡಾನ್ಯೂಬ್ ನದಿಯ ಕೊರೆಯುವ ನೀರಿನಲ್ಲಿ ಕ್ಷಣಕಾಲ ಮುಳುಗಿ, ಓಡುತ್ತ ಮನೆಗೆ ಮರಳುವ ವ್ರತ ಹಿಡಿದರು. ಗುಣವಾದರು. 1852ರಲ್ಲಿ ಗುರುದೀಕ್ಷೆ ಪಡೆದರು. 1855ರಲ್ಲಿ ವೋರಿಸ್‌ಹೋಫನ್ ಎಂಬ ಊರಿನ ದೊಮಿನಿಕನ್ ಕನ್ಯಾಸ್ತ್ರೀಯರ ಮಠಕ್ಕೆ ಆಧ್ಯಾತ್ಮಿಕ ಗುರುವಾಗಿ ಹೋದವರು ಮುಂದೆ ಆ ಊರಿನ ಧರ್ಮಕೇಂದ್ರದ ಗುರುವೂ ಆದರು.

ನೀರು, ಗಿಡಮೂಲಿಕೆ, ನಡಿಗೆ, ಸರಳ ಆಹಾರ, ಬದುಕಿನಲ್ಲೊಂದು ಕ್ರಮ. ಇಷ್ಟೇ ಅವರ ಔಷಧಶಾಲೆ. 1886ರಲ್ಲಿ ನೀರಿನ ಚಿಕಿತ್ಸೆಯ ಕುರಿತು ಅವರು ಬರೆದ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಸಣ್ಣ ಊರು ರೋಗಿಗಳಿಂದ ತುಂಬಿತು. ಜಗದ್ಗುರು 13ನೆಯ ಲಿಯೋ ಅವರು 1893ರಲ್ಲಿ ಇವರಿಗೆ ಮೊನ್ಸಿಞೋರ್ ಪದವಿಯನ್ನಿತ್ತರು. 1897ರ ಜೂನ್ 17ರಂದು ಅವರು ತೀರಿಕೊಂಡರು. ಆದರೆ ಇದೇ ಕ್ನೈಪ್ ಗುರುಗಳು ಆರಂಭದ ವರ್ಷಗಳಲ್ಲಿ ಅನಧಿಕೃತವಾಗಿ ಚಿಕಿತ್ಸೆ ಮಾಡುತ್ತಾರೆಂಬ ದೂರಿಗೆ ಗುರಿಯಾಗಿ ಅಧಿಕಾರಿಗಳ ಮುಂದೆ ನಿಲ್ಲಬೇಕಾಯಿತೆಂಬುದನ್ನೂ ಮರೆಯಬಾರದು. ಮುಂದೆ ಅವರು ವೈದ್ಯರನ್ನು ದೂರವಿಡಲಿಲ್ಲ. ಓದಿದ ವೈದ್ಯರನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡಿದರು. ಇನ್ನೊಂದು ಮಾತು. ತಣ್ಣೀರಿನಲ್ಲಿ ಮುಳುಗಿ ಎದೆಯ ರೋಗ ವಾಸಿಯಾಯಿತೆಂಬ ಅವರ ಕಥೆಯನ್ನು ಇಂದು ಕ್ಷಯರೋಗಿಗಳಿಗೆ ಯಾರಾದರೂ ಹೇಳಿ ಗುಳಿಗೆ ಬಿಡಿಸಿದರೆ ಅದು ಅಪರಾಧಕ್ಕೆ ಸಮಾನ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದೇ 1882ರಲ್ಲಿ, ಅದನ್ನು ಕೊಲ್ಲುವ ಔಷಧ ಬಂದದ್ದು 1940ರ ದಶಕದಲ್ಲಿ. ಕ್ನೈಪ್ ಗುರುಗಳು ಆ ಔಷಧವನ್ನು ನಿರಾಕರಿಸಿದವರಲ್ಲ, ಅದು ಅವರಿಗೆ ಲಭ್ಯವೇ ಇರಲಿಲ್ಲ.

ಪ್ರಕೃತಿ ಚಿಕಿತ್ಸೆಯ ಇತರ ಪೂರ್ವಿಕರನ್ನು ನೋಡಿದರೂ ಅಚ್ಚರಿಯಾಗುತ್ತದೆ. ಪ್ರೀಸ್‌ನಿಟ್ಜ್ ಒಬ್ಬ ರೈತ. ಲೈಪ್‌ಜಿಗ್ ನಗರದ ಲೂಯಿ ಕೂನೆ ಬಡಗಿಯ ಕೆಲಸ ಕಲಿತವನು. ಅಡಾಲ್ಫ್ ಜುಸ್ಟ್ ಪುಸ್ತಕದ ವ್ಯಾಪಾರಿ. ಕೂನೆಯ ಪುಸ್ತಕ 1894ರಲ್ಲಿ ದ್ರೋಣಂರಾಜು ವೆಂಕಟಾಚಲಪತಿ ಶರ್ಮರಿಂದ ತೆಲುಗಿಗೆ ಬಂದು, ಭಾರತದಲ್ಲಿ ಈ ಪದ್ಧತಿಗೆ ಬಾಗಿಲು ತೆರೆಯಿತು. ನಮ್ಮ ಕಲಬುರಗಿ 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾರಣ, ಈ ಭಾಗದ ಹಿರಿಯರಿಗೆ ಪ್ರಕೃತಿ ಚಿಕಿತ್ಸೆಯೆಂದರೆ ಹೈದರಾಬಾದಿನಲ್ಲಿ ಡಾ. ಬಿ. ವೆಂಕಟರಾವ್ ಅವರು ಕಟ್ಟಿದ ಆಸ್ಪತ್ರೆಯೇ ನೆನಪಿಗೆ ಬರುತ್ತಿತ್ತು.

ಗಾಂಧೀಜಿಯವರು ಕೂನೆಯನ್ನೂ ಜುಸ್ಟ್‌ನನ್ನೂ ದಕ್ಷಿಣ ಆಫ್ರಿಕದಲ್ಲಿರುವಾಗಲೇ ಓದಿದ್ದರು. 1946ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಹಳ್ಳಿಗರಿಗಾಗಿ ಪ್ರಕೃತಿ ಚಿಕಿತ್ಸೆಯ ಆಶ್ರಮವನ್ನೂ ತೆರೆದರು. ಹಾಲಿನ ವಿಷಯದಲ್ಲಂತೂ ಅವರ ಅನುಭವ ಪ್ರತಿಯೊಬ್ಬ ಪಥ್ಯೋಪದೇಶಕನೂ ಓದಬೇಕಾದುದು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲನ್ನು ಬಿಟ್ಟರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ರಕ್ತಭೇದಿಯಾಗಿ ಸಾವಿನಂಚಿಗೆ ಹೋದರು. ಹಾಲಿಲ್ಲದೆ ಶರೀರ ಚೇತರಿಸದೆಂದು ವೈದ್ಯರು ಹೇಳಿದಾಗ, ನಿಮ್ಮ ವ್ರತ ಹಸು ಎಮ್ಮೆಗಳ ಹಾಲಿಗೆ ತಾನೆ ಎಂದು ಕಸ್ತೂರಬಾ ಅವರು ಆಡಿನ ಹಾಲನ್ನು ಸೂಚಿಸಿದರು. ಗಾಂಧೀಜಿ ಒಪ್ಪಿದರು, ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂದು ಕೊನೆಯವರೆಗೂ ಕೊರಗಿದರು. ಆ ಕೊರಗಿಗಿಂತ ನಮಗೆ ಹೆಚ್ಚು ಮುಖ್ಯವೆನಿಸುವುದು ಅವರು ಆತ್ಮಕಥೆಯಲ್ಲಿ ಮಾಡಿದ ಒಪ್ಪಿಗೆ. ತಮ್ಮ ಮಾತನ್ನು ನಂಬಿ ಹಾಲು ಬಿಟ್ಟವರು, ಅದು ಎಲ್ಲ ರೀತಿಯಲ್ಲೂ ಒಗ್ಗದಿದ್ದರೆ ಅಥವಾ ಅನುಭವಿ ವೈದ್ಯರ ಸಲಹೆ ಇಲ್ಲದಿದ್ದರೆ, ಆ ಪ್ರಯೋಗವನ್ನು ಮುಂದುವರಿಸಬಾರದೆಂದು ಅವರು ಕೇಳಿಕೊಂಡಿದ್ದಾರೆ. 1942ರಲ್ಲಿ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲೂ, ಹಾಲಿಗೆ ಸಮನಾದ ಸಸ್ಯಾಹಾರ ತಮಗಿನ್ನೂ ಸಿಕ್ಕಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ವೈದ್ಯ ಪದವಿಯಿಲ್ಲದ ಬ್ಯಾರಿಸ್ಟರೊಬ್ಬರಿಗೆ ತಮ್ಮ ಸಲಹೆಯ ಗಡಿ ಎಲ್ಲಿದೆಯೆಂಬುದು ತಿಳಿದಿತ್ತು. ಪುಡಿಯ ಡಬ್ಬಿ ಮಾರುವವರಿಗೆ ಅದು ತಿಳಿದಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ಉದಾಹರಣೆ ನಮಗೆ ಒಣಗಿದ ಪಾಠವಾಗಿ ತೋರಿತ್ತು. ವೈದ್ಯ ಗುಣಪಡಿಸುವುದು ಮನುಷ್ಯ ಎಂಬ ಸಾಮಾನ್ಯವನ್ನಲ್ಲ, ತನ್ನ ಮುಂದೆ ಕುಳಿತ ಕಲ್ಲಿಯಸ್ ಎಂಬ ಒಬ್ಬ ವ್ಯಕ್ತಿಯನ್ನು ಎಂದು ಆತ ವಾದಿಸುತ್ತಾನೆ. ಆತನ ತಂದೆ ನಿಕೊಮಾಕಸ್ ಸ್ವತಃ ವೈದ್ಯನಾಗಿದ್ದನೆಂಬುದು ಇಲ್ಲಿ ನೆನೆಯತಕ್ಕ ವಿಷಯ. ಹಾಲು ಮನುಷ್ಯನಿಗೆ ವಿಷ ಎಂಬುದು ಸಾಮಾನ್ಯದ ಮಾತು. ಬೇವಿನ ಕಟ್ಟೆಯ ತುದಿಯಲ್ಲಿ ಕುಳಿತಿದ್ದವನು ಒಬ್ಬ ಹುಡುಗ.

ಅದೇ ಖೂಬಾ ಪ್ಲಾಟಿನಲ್ಲಿ ಪ್ರಕೃತಿ ಚಿಕಿತ್ಸೆಯ ಪದವೀಧರೆಯಾದ ಯುವತಿಯೊಬ್ಬರು ಎರಡು ಕೋಣೆ ಬಾಡಿಗೆಗೆ ಪಡೆದು ಚಿಕಿತ್ಸಾಲಯ ನಡೆಸುತ್ತಿದ್ದಾರೆಂದು ನಮ್ಮ ಧರ್ಮಭಗಿನಿಯೊಬ್ಬರು ಹೇಳಿದರು. ಹುಡುಗನನ್ನೂ ತಾಯಿಯನ್ನೂ ಕರೆದುಕೊಂಡು ಹೋದೆವು. ಹಿಂದಿನ ಪೆಟ್ಟು ನೆನಪಿದ್ದುದರಿಂದ ನಾವು ಮೊದಲು ಕೇಳಿದ್ದು ಅವರ ಹಿನ್ನೆಲೆಯನ್ನೇ. ಅವರು ಬೇಸರಿಸದೆ ಗೋಡೆಯ ಮೇಲಿದ್ದ ಪ್ರಮಾಣಪತ್ರಗಳನ್ನು ತೋರಿಸಿದರು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿಗೆ, ಅಂದರೆ ಬಿ.ಎನ್.ವೈ.ಎಸ್.ಗೆ, ಒಂದು ವರ್ಷದ ಆಸ್ಪತ್ರೆ ತರಬೇತಿಯೂ ಸೇರಿ ಐದೂವರೆ ವರ್ಷ ಹಿಡಿಯುತ್ತದೆ. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರಗಳನ್ನು ಅಲ್ಲಿಯೂ ಓದಬೇಕು. ನಮ್ಮ ರಾಜ್ಯದಲ್ಲಿ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಲ್ಲಿಯೇ ಈ ಶಿಕ್ಷಣವನ್ನು ಆರಂಭಿಸಿತು. ಪದವಿ ಪಡೆದವರು ರಾಜ್ಯದ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಚಿಕಿತ್ಸಾಲಯವನ್ನು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಾಯಿಸಬೇಕು. ಹತ್ತು ದಿನದ ಶಿಬಿರದ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ಅಂತರವನ್ನು ರೋಗಿಯಾದವನು ಕೇಳಿ ತಿಳಿಯಬಹುದು. ಕೇಳಿದರೆ ಸಿಟ್ಟಾಗುವವರ ಬಳಿ ಮತ್ತೆ ಹೋಗಬೇಕಾಗಿಲ್ಲ.

ನಮಗೆ ಪ್ರಮಾಣಪತ್ರಕ್ಕಿಂತಲೂ ಭರವಸೆ ತಂದದ್ದು ಅವರ ಮುಂದಿನ ನಡೆ. ಅರ್ಧ ಗಂಟೆ ಪ್ರಶ್ನೆ ಕೇಳಿ, ತೂಕ ಎತ್ತರಗಳನ್ನು ಬರೆದುಕೊಂಡು, “ಇವನನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿರಿ. ಅವರು ಹೇಳಿದ ಮೇಲೆ ನನ್ನ ಕೆಲಸ” ಎಂದು ಚೀಟಿ ಬರೆದುಕೊಟ್ಟರು. ಶುಲ್ಕ ತೆಗೆದುಕೊಳ್ಳಲಿಲ್ಲ.

ಹಾಲು ಒಗ್ಗದಿರುವುದು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಸಂಗತಿಗಳಿವೆಯೆಂದು ಮಕ್ಕಳ ವೈದ್ಯರು ವಿವರಿಸಿದರು. ಮೊದಲನೆಯದು ಹಾಲಿನ ಪ್ರೋಟೀನಿಗೆ ಶರೀರ ತೋರುವ ಅಲರ್ಜಿ. ಮೈ ದದ್ದೇಳುವುದು, ವಾಂತಿ, ಕೆಲವೊಮ್ಮೆ ಉಸಿರುಕಟ್ಟುವುದು ಇದರ ಲಕ್ಷಣ. ಇಲ್ಲಿ ಒಂದು ಚಮಚವೂ ಅಪಾಯ, ಆಡಿನ ಹಾಲೂ ಪರಿಹಾರವಲ್ಲ, ಏಕೆಂದರೆ ಅದರ ಪ್ರೋಟೀನುಗಳು ಹಸುವಿನ ಹಾಲಿನವನ್ನೇ ಹೋಲುತ್ತವೆ. ಎರಡನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವದ ಕೊರತೆ. ಶೈಶವ ಕಳೆದಂತೆ ಈ ಕಿಣ್ವ ಕುಗ್ಗುವುದು ಪ್ರಪಂಚದ ಬಹುಪಾಲು ಜನರಲ್ಲಿ ಸಹಜವೇ. ಭೇದಿಯಿಂದ ಕರುಳಿನ ಒಳಪೊರೆ ಹಾಳಾದಾಗ ಮಕ್ಕಳಲ್ಲಿ ಅದು ತಾತ್ಕಾಲಿಕವಾಗಿಯೂ ಬರುತ್ತದೆ, ಪೊರೆ ಮತ್ತೆ ಬೆಳೆದಂತೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ನಮ್ಮ ಹುಡುಗನದು ಇದೇ. ಕೆಲವು ವಾರಗಳ ಪಥ್ಯ ಎಂಟು ತಿಂಗಳಾಗಿತ್ತು. ಮೊದಲು ಮಜ್ಜಿಗೆ, ಆಮೇಲೆ ಮೊಸರು, ಕೊನೆಗೆ ಹಾಲು, ಹೀಗೆ ಮೆಲ್ಲಮೆಲ್ಲನೆ ಮರಳಿಸಬೇಕೆಂದು ವೈದ್ಯರು ಹೇಳಿದರು. ಹುದುಗುವಾಗ ಲ್ಯಾಕ್ಟೋಸಿನ ಒಂದು ಭಾಗ ಕರಗಿಹೋಗುವುದರಿಂದ ಮೊಸರು ಮಜ್ಜಿಗೆಗಳು ಹಾಲಿಗಿಂತ ಸುಲಭವಾಗಿ ಒಗ್ಗುತ್ತವೆ. ಜೋಳದ ರೊಟ್ಟಿಯ ಜೊತೆ ಮಜ್ಜಿಗೆಯನ್ನಿಟ್ಟ ನಮ್ಮ ಹಿರಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಇನ್ನು ತಿನಿಸಿನ ವಿಷಯ. ಹಾಲು ಮರಳುವವರೆಗೆ ಹುಡುಗನಿಗೆ ತಣ್ಣನೆಯದೇನಾದರೂ ಕೊಡಬೇಕೆಂದು ಆ ಯುವತಿಯೇ ಒಂದು ಬಗೆಯನ್ನು ಹೇಳಿಕೊಟ್ಟರು. ಅದಕ್ಕೆ ಬೇಕಾದ ಮುಖ್ಯ ಪದಾರ್ಥ ನಮ್ಮ ಜಿಲ್ಲೆಯ ಹೆಮ್ಮೆಯೇ ಆಗಿರುವುದು ಎಂಥ ಸಂತೋಷ! ಹುಮನಾಬಾದ್ ಹೆದ್ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಯನ್ನು ಕಾಣದವರು ಈ ಭಾಗದಲ್ಲಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು. ಬೇರೆ ಬಾಳೆಗಿಂತ ಹೆಚ್ಚು ಕಾಲ, ಹೆಚ್ಚು ನೀರು, ಹೆಚ್ಚು ಆರೈಕೆ ಬೇಡುವ ಬೆಳೆಯಾದ್ದರಿಂದ ಬೆಲೆಯೂ ಹೆಚ್ಚು. ಇದನ್ನು ಶ್ರೀಮಂತರ ಹಣ್ಣೆನ್ನುವುದುಂಟು. ಸಿಪ್ಪೆ ಇಟ್ಟಿಗೆಗೆಂಪು, ಒಳಗಿನ ತಿರುಳು ಕೆನೆಬಣ್ಣ, ಪರಿಮಳವೇ ಬೇರೆ. ಅದು ದುಬಾರಿಯೆನಿಸಿದವರು ಯಾವುದೇ ಬಾಳೆಯಿಂದ ಮಾಡಬಹುದು.

ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಕಾಣುವಷ್ಟು ಕಳಿತ ನಾಲ್ಕು ಹಣ್ಣುಗಳನ್ನು ಬೆರಳು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ನಾಲ್ಕು ಹನಿ ನಿಂಬೆರಸ ಸವರಿ, ಸ್ಟೀಲಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡಬೇಕು. ಅರ್ಧ ತೆಂಗಿನಕಾಯಿಯನ್ನು ತುರಿದು ರುಬ್ಬಿ, ನೀರು ಹೆಚ್ಚು ಬೆರೆಸದೆ ಹಿಂಡಿದ ಗಟ್ಟಿ ಹಾಲನ್ನು ಬೇರೆಯಾಗಿ ತಣ್ಣಗಿಡಬೇಕು. ಮರುದಿನ ಬಿಲ್ಲೆಗಳನ್ನು ಮಿಕ್ಸಿಗೆ ಹಾಕಿ, ಎರಡು ಚಮಚ ಪುಡಿಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ, ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಹೊಯ್ಯುತ್ತ ತಡೆತಡೆದು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಮಿಕ್ಸಿಯೂ ಬಿಸಿಯಾಗುತ್ತದೆ, ಹಣ್ಣೂ ಕರಗುತ್ತದೆ. ಮೊದಲು ರವೆಯಂತೆ ಉದುರುದುರಾಗಿ ನಿಲ್ಲುತ್ತದೆ. ನಮ್ಮ ಅಡುಗೆಯವರು ಇಲ್ಲಿಗೇ ಕೈಬಿಟ್ಟು, “ಕೆಟ್ಟಿತ್ರಿ” ಎಂದಿದ್ದರು. ಮತ್ತೆರಡು ಸುತ್ತು ತಿರುಗಿದ್ದೇ ತಡ, ರವೆ ಕೂಡಿಕೊಂಡು ಬೆಣ್ಣೆಯಂತೆ ನುಣ್ಣಗಾಯಿತು.

ಇದರಲ್ಲಿ ಮಾಯವೇನಿಲ್ಲ. ಬಾಳೆ ಕಳಿತಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಬೆರೆತ ನೀರು ಬರಿಯ ನೀರಿಗಿಂತ ಹೆಚ್ಚು ತಣ್ಣಗಾದ ಮೇಲೆಯೇ ಹೆಪ್ಪುಗಟ್ಟುತ್ತದೆ, ಆದ್ದರಿಂದ ಕಲ್ಲಾಗುವುದಿಲ್ಲ. ಹಣ್ಣಿನಲ್ಲಿರುವ ಪೆಕ್ಟಿನ್ ಅಂಶವೂ ತೆಂಗಿನ ಕೊಬ್ಬೂ ಮಂಜಿನ ಹರಳುಗಳು ದೊಡ್ಡದಾಗದಂತೆ ತಡೆಯುತ್ತವೆ. ಕಾಯಿಬಾಳೆಯಲ್ಲಿ ಮಾಡಿದರೆ ಈ ಗುಣ ಬರುವುದಿಲ್ಲ. ಕೂಡಲೇ ತಿಂದರೆ ಉತ್ತಮ. ಗಟ್ಟಿಯಾಗಬೇಕೆಂದರೆ ಮುಚ್ಚಳವಿರುವ ಡಬ್ಬಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು, ಬಡಿಸುವ ಹತ್ತು ನಿಮಿಷ ಮೊದಲು ಹೊರತೆಗೆಯಬೇಕು.

ಹುಡುಗನ ಅಜ್ಜಿ ಬಾಗಿಲಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಹಸುವಿಲ್ಲದ ಹಾಲು ತಮಗೇನೂ ಹೊಸದಲ್ಲವೆಂಬಂತೆ, “ಕುಸುಬಿ ಹಾಲಿನ ಹುಗ್ಗಿ ಉಂಡವರ್ರೀ ನಾವು” ಎಂದರು. ಕುಸುಬೆಯ ಬೀಜವನ್ನು ನೆನೆಸಿ ರುಬ್ಬಿ ಸೋಸಿದ ಹಾಲಿನಲ್ಲಿ ಗೋಧಿ ಬೆಲ್ಲ ಬೇಯಿಸಿ ಮಾಡುವ ಹುಗ್ಗಿ ಉತ್ತರ ಕರ್ನಾಟಕದ ಹಳೆಯ ಸಿಹಿ. ಪೇಟೆಯಲ್ಲಿ ಈಗ ದುಬಾರಿ ಬೆಲೆಗೆ ಮಾರುವ ಸಸ್ಯಹಾಲಿನ ಡಬ್ಬಿಗಳನ್ನು ಕಂಡಾಗ ಆ ಅಜ್ಜಿಯ ಮಾತು ನಮಗೆ ನೆನಪಾಗುತ್ತದೆ.

ಅಜ್ಜಿಗೆ ಸಕ್ಕರೆ ಕಾಯಿಲೆ. ಹಾಲಿಲ್ಲ, ಪೇಟೆಯ ಸಕ್ಕರೆಯಿಲ್ಲ, ತಮಗೇನೂ ಆಗದೆಂದು ಅವರೂ ಬಟ್ಟಲು ಚಾಚಿದರು. ಆ ಯುವತಿ ತಡೆದರು. ಕಳಿತ ಬಾಳೆಯೂ ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ, ನೈಸರ್ಗಿಕ ಎಂಬ ಮಾತಿಗೆ ಮಧುಮೇಹ ಹೆದರುವುದಿಲ್ಲ ಎಂದು ತಿಳಿಹೇಳಿ ಎರಡೇ ಚಮಚ ಬಡಿಸಿದರು. ತಾಯಿಗೂ ಒಂದು ಎಚ್ಚರಿಕೆ ಕೊಟ್ಟರು. ಈ ತಿನಿಸು ನಾಲಗೆಗೆ ಮಾತ್ರ, ಹಾಲು ಕೊಡುತ್ತಿದ್ದ ಸುಣ್ಣದ ಅಂಶವನ್ನಾಗಲಿ ಪ್ರೋಟೀನನ್ನಾಗಲಿ ಇದು ತುಂಬಿಕೊಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಎಳ್ಳಿನಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ತೊಗರಿಬೇಳೆಗಂತೂ ನಮ್ಮೂರಲ್ಲಿ ಬರವಿಲ್ಲ. ಬಿ12 ಎಂಬ ಜೀವಸತ್ವ ಮಾತ್ರ ಗಿಡಗಳಲ್ಲಿ ಸಿಗದಾದ್ದರಿಂದ ಮೊಟ್ಟೆಯನ್ನು ಮತ್ತೆ ಶುರು ಮಾಡಿಸಿದರು. ಪುಡಿಯ ಡಬ್ಬಿಯ ಮೇಲೆ ಏನಿದೆಯೆಂದು ಓದಲು ಅವರೂ ಪ್ರಯತ್ನಿಸಿದರು. ಅದರಲ್ಲಿ ಏನೇನು ಬೆರೆತಿದೆಯೆಂಬುದನ್ನು ಅಚ್ಚು ಹಾಕಿರಲಿಲ್ಲ.

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಏಳೂ ಮಕ್ಕಳನ್ನು ಮತ್ತೆ ಕರೆಸಿದೆವು. ನಮ್ಮ ಅಡುಗೆಮನೆಯ ಮಿಕ್ಸಿ ಬೆಳಗಿನಿಂದ ಗರ್ಜಿಸುತ್ತಿತ್ತು. ಕೆಂಪು ಬಾಳೆ ಎರಡು ಡಜನ್ ಖರ್ಚಾಯಿತು. ಲೆಕ್ಕ ಬರೆಯುವ ಹಿರಿಯರು ಹುಬ್ಬೇರಿಸಿದರು. ಈ ಬಾರಿ ಮೊದಲ ಬಟ್ಟಲು ಯಾರಿಗೆ ಹೋಗಬೇಕೆಂಬುದರಲ್ಲಿ ಚರ್ಚೆಯಿರಲಿಲ್ಲ. ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿನ್ನುವ ಮುನ್ನ ತಾಯಿಯ ಮುಖ ನೋಡಿದನು. ತಾಯಿ ಬಟ್ಟಲಿನ ಬೆನ್ನನ್ನು ತಿರುಗಿಸಿ ನೋಡಿದಂತೆ ನಟಿಸಿ, ನಮ್ಮ ಕಡೆ ನೋಡಿ ನಕ್ಕು, “ತಿನ್ನಪ್ಪ” ಎಂದರು.